ಅಳುವುದಕ್ಕೂ ಒಂದು ಭರವಸೆ ಬೇಕು

ಸಾವಿನ ಮನೆಗೆ ಹೋದಾಗ ಏನು ಮಾತಾಡಬೇಕು ಅನ್ನೋದನ್ನ ಇಂಜಿನಿಯರಿಂಗಿನ ಎಂಟು ಸೆಮಿಸ್ಟರಿನಲ್ಲಿ ಎಲ್ಲೂ ಹೇಳಿಕೊಡಲಿಲ್ಲ. ಹೇಳಿಕೊಟ್ಟಿದ್ದರೂ ಇಂಟರ್ನಲ್ಸ್ ಮುಗಿದ ಮೇಲೆ ಮರೆತೇಬಿಡುತ್ತಿದ್ದೆವು, ಅದು ಬೇರೆ ಮಾತು.

ನಮ್ಮ ಹಾಸನದ ಕಡೆ ಇದಕ್ಕೆ ಅಂತಲೇ ಸಿದ್ಧವಾದ ಮಾತುಗಳಿವೆ. ನಿಮ್ಮ ಕಡೆಯೂ ಇರುತ್ತವೆ. "ಧೈರ್ಯ ತಗೊಳ್ಳಿ", "ಹುಟ್ಟಿದೋರು ಸಾಯ್ಲೇಬೇಕಲ್ವಾ", "ಋಣ ಅಷ್ಟೇ ಇತ್ತು", "ಅಳಬೇಡಿ, ಅತ್ತರೆ ಹೋದ ಜೀವಕ್ಕೆ ಕಷ್ಟ ಆಗುತ್ತೆ"... ನಾನು ಪಿಯುಸಿಯಲ್ಲಿದ್ದಾಗ ಅಜ್ಜಿ ತೀರಿಕೊಂಡರು. ಈ ನಾಲ್ಕೂ ಮಾತುಗಳನ್ನು ಒಂದೇ ದಿನದಲ್ಲಿ ನಲವತ್ತು ಸಲ ಕೇಳಿದ್ದೆ. ಮೂರನೇ ದಿನ ಶ್ರೀರಂಗಪಟ್ಟಣದ ಪಶ್ಚಿಮವಾಹಿನಿಯಲ್ಲಿ ಅಸ್ಥಿ ಬಿಟ್ಟು ಬಂದ ಮೇಲೆ ಅಜ್ಜಿ ಈಗ ನೀರಿನಲ್ಲಿ, ಗಾಳಿಯಲ್ಲಿ, ಎಲ್ಲ ಕಡೆ ಇದ್ದಾಳೆ ಅಂದರು ದೊಡ್ಡಪ್ಪ. ಆ ಮಾತು ನನಗೆ ನಿಜಕ್ಕೂ ಸಮಾಧಾನ ಕೊಟ್ಟಿತ್ತು. ಅಜ್ಜಿಗೆ ಎಂಬತ್ತೆರಡಾಗಿತ್ತು. ತುಂಬು ಬಾಳು ಬಾಳಿದ್ದಳು. ಹಣ್ಣೆಲೆ ಉದುರಿದ ಹಾಗೆ ಹೋದಳು.

ಆದರೆ ಹಸಿರೆಲೆ ಉದುರಿದರೆ?

2022ರ ಆಗಸ್ಟಿನಲ್ಲಿ ನನ್ನ ರೂಮ್‌ಮೇಟ್ ಹೋಗಿಬಿಟ್ಟ. ಬೈಕಿನಲ್ಲಿ ಬರುತ್ತಿದ್ದವನು, ರಾತ್ರಿ ಹನ್ನೊಂದರ ಹೊತ್ತಿಗೆ, ಮಳೆಯಲ್ಲಿ. ಇಪ್ಪತ್ತಾರು ವರ್ಷ. ಅವನ ಹೆಸರು ಇಲ್ಲಿ ಬೇಡ. ಮಂಗಳೂರಿನ ಹತ್ತಿರದ ಒಂದು ಹಳ್ಳಿಯ ಕೊಂಕಣಿ ಕ್ಯಾಥೋಲಿಕ್ ಮನೆಯ ಹುಡುಗ. ಮೂರು ವರ್ಷ ಒಂದೇ ಮನೆಯಲ್ಲಿದ್ದೆವು. ನನಗೆ ಮೀನಿನ ವಾಸನೆ ಆಗದು ಅಂತ ಗೊತ್ತಿದ್ದೂ ಭಾನುವಾರ ಬಂಗುಡೆ ತಂದು ಹುರಿಯುತ್ತಿದ್ದ. "ನೀನು ಎರಡು ಗಂಟೆ ಹೊರಗೆ ಸುತ್ತಾಡಿ ಬಾ ಮಾರಾಯ" ಅನ್ನುತ್ತಿದ್ದ. ಎರಡು ಗಂಟೆ ಬಿಟ್ಟು ಬಂದರೆ ನನಗೆ ಅಂತ ಬೇರೆ ಪಾತ್ರೆಯಲ್ಲಿ ತಿಳಿಸಾರು ಮಾಡಿಟ್ಟಿರುತ್ತಿದ್ದ.

ಟೀಮಿನವರು ಐದು ಜನ ರಾತ್ರಿ ಬಸ್ಸಿಗೆ ಹೋದೆವು. ಶಿರಾಡಿ ಘಾಟಿ ಇಳಿಯುವಷ್ಟು ಹೊತ್ತೂ ನಾನು ಯೋಚಿಸುತ್ತಿದ್ದದ್ದು ಒಂದೇ. ಅವನ ಅಮ್ಮನ ಎದುರಿಗೆ ನಿಂತು ಏನು ಹೇಳೋದು? "ಹುಟ್ಟಿದವರು ಸಾಯಲೇಬೇಕು" ಅಂತ ಇಪ್ಪತ್ತಾರು ವರ್ಷದ ಮಗನನ್ನು ಕಳಕೊಂಡವರಿಗೆ ಯಾವ ಬಾಯಲ್ಲಿ ಹೇಳೋದು?

ಮನೆಯ ಅಂಗಳದಲ್ಲಿ ಶಾಮಿಯಾನ ಹಾಕಿದ್ದರು. ಅಕ್ಕಪಕ್ಕದ ತುಳುವರ ಮನೆಯ ಹೆಂಗಸರು "ಬಾಯಮ್ಮ, ಬಾಯಮ್ಮ" ಅಂತ ಅವರನ್ನು ಸುತ್ತುವರಿದು ಕೂತಿದ್ದರು. ಒಳಗೆ ಕೊಂಕಣಿಯಲ್ಲಿ ಜಪಮಾಲೆಯ ಪ್ರಾರ್ಥನೆ ನಡೆಯುತ್ತಿತ್ತು. ಆಮೇಲೆ ಇಗರ್ಜಿಗೆ ಮೆರವಣಿಗೆ, ಗಂಟೆ ಬಿಟ್ಟು ಬಿಟ್ಟು ಒಂದೊಂದೇ ಸಲ ಹೊಡೆಯುತ್ತಿತ್ತು. ಒಳಗೆ ಪೆಟ್ಟಿಗೆಯ ಪಕ್ಕದಲ್ಲಿ ಆಳೆತ್ತರದ ಒಂದು ಮೇಣದಬತ್ತಿ. ಫಾದರ್ ಕಪ್ಪು ಬಟ್ಟೆ ಹಾಕಿರುತ್ತಾರೆ ಅಂತ ಸಿನಿಮಾ ನೋಡಿ ಅಂದುಕೊಂಡಿದ್ದೆ. ಅವರು ಹಾಕಿದ್ದು ಬಿಳಿ.

ಇದೆಲ್ಲ ಯಾಕೆ ಅಂತ ಆಮೇಲೆ ಓದಿ ತಿಳಿದುಕೊಂಡೆ. ಆ ಮೇಣದಬತ್ತಿ ಈಸ್ಟರಿನದು. ಈಸ್ಟರಿನ ಹಿಂದಿನ ರಾತ್ರಿ ಕತ್ತಲಲ್ಲಿ ಹಚ್ಚುವ ಬತ್ತಿಯನ್ನೇ ಮಗುವಿಗೆ ದೀಕ್ಷಾಸ್ನಾನ ಕೊಡುವಾಗಲೂ ಹಚ್ಚುತ್ತಾರೆ, ಸತ್ತಾಗಲೂ ಹಚ್ಚುತ್ತಾರೆ. ಪೆಟ್ಟಿಗೆಯ ಮೇಲೆ ಚಿಮುಕಿಸುವ ನೀರು ಕೂಡ ಆ ದೀಕ್ಷಾಸ್ನಾನದ ನೆನಪಿಗೇ. ಮೊದಲು ಕಪ್ಪೇ ಇತ್ತಂತೆ, ಅಂತಿಮ ತೀರ್ಪಿನ ದಿನದ ಭಯವನ್ನು ಹೇಳುವ ಹಾಡೂ ಇತ್ತಂತೆ. 1963ರಲ್ಲಿ ಎರಡನೆಯ ವ್ಯಾಟಿಕನ್ ಮಹಾಸಭೆ, ಶವಸಂಸ್ಕಾರದಲ್ಲಿ ಯೇಸು ಸತ್ತು ಎದ್ದದ್ದು ಇನ್ನಷ್ಟು ಚೆನ್ನಾಗಿ ಕಾಣಬೇಕು ಅಂತ ತೀರ್ಮಾನ ಮಾಡಿತು. 1969ರಲ್ಲಿ ಹೊಸ ವಿಧಿ ಬಂತು. ಕಪ್ಪಿನ ಜೊತೆಗೆ ಬಿಳಿ, ನೇರಳೆ ಬಂದವು. ಆ ಭಯದ ಹಾಡು ಶವಸಂಸ್ಕಾರದ ಪೂಜೆಯಿಂದ ಹೊರಗೆ ಹೋಯಿತು.

ಆದರೆ ಆ ದಿನ ನನಗೆ ಇದ್ಯಾವುದೂ ಗೊತ್ತಿರಲಿಲ್ಲ. ನನ್ನ ತಲೆಯಲ್ಲಿ ಇದ್ದದ್ದು ಒಂದು ಪ್ರಶ್ನೆ. ಫಾದರ್ ಪ್ರಸಂಗದಲ್ಲಿ ಪುನರುತ್ಥಾನ, ಭರವಸೆ, ನಿತ್ಯಜೀವ ಅಂತ ಹೇಳುತ್ತಿದ್ದರು. ಎದುರಿಗೆ ಮೊದಲ ಬೆಂಚಿನಲ್ಲಿ ಅವನ ಅಮ್ಮ ಸೆರಗು ಬಾಯಿಗೆ ಒತ್ತಿಕೊಂಡು ಅಳುತ್ತಿದ್ದರು. ಇಷ್ಟು ದೊಡ್ಡ ಭರವಸೆ ಇರುವವರು ಹೀಗೆ ಅಳುತ್ತಾರಾ? ಅಳುತ್ತಾರೆ ಅಂದರೆ ಭರವಸೆ ಇಲ್ಲ ಅಂತಲಾ?

ಈ ಪ್ರಶ್ನೆ ಹಿಡಿದುಕೊಂಡು ಎರಡು ತಿಂಗಳು ಸಿಕ್ಕಿದ್ದೆಲ್ಲ ಓದಿದೆ. ಅವನ ಕಪಾಟಿನಲ್ಲಿ ಒಂದು ಕನ್ನಡ ಬೈಬಲ್ ಇತ್ತು, ಅಲ್ಲಿಂದಲೇ ಶುರು.

ಯೋಹಾನನ ಸುವಾರ್ತೆಯ ಹನ್ನೊಂದನೆಯ ಅಧ್ಯಾಯದಲ್ಲಿ ಲಾಜರನ ಕತೆ ಬರುತ್ತದೆ. ಬೇಥಾನ್ಯದ ಲಾಜರ ಯೇಸುವಿನ ಗೆಳೆಯ. ಅವನಿಗೆ ಹುಷಾರಿಲ್ಲ ಅಂತ ಅಕ್ಕತಂಗಿಯರು ಮಾರ್ಥ, ಮರಿಯ ಹೇಳಿಕಳಿಸುತ್ತಾರೆ. ಯೇಸು ಬರುವಷ್ಟರಲ್ಲಿ ಲಾಜರ ಸತ್ತು ನಾಲ್ಕು ದಿನ. ಮಾರ್ಥ ಎದುರಿಗೆ ಬಂದು ಮೊದಲು ಮಾಡೋದು ಪ್ರಾರ್ಥನೆ ಅಲ್ಲ, ತಕರಾರು. ನೀನು ಇಲ್ಲಿ ಇದ್ದಿದ್ದರೆ ನನ್ನ ತಮ್ಮ ಸಾಯುತ್ತಿರಲಿಲ್ಲ ಅಂತ. ಆಮೇಲೆ ಮರಿಯ ಬಂದು ಅದನ್ನೇ ಹೇಳುತ್ತಾಳೆ. ಯೇಸು ಇಬ್ಬರಿಗೂ ಬೈಯುವುದಿಲ್ಲ. ಸಮಾಧಿಯ ಹತ್ತಿರ ಹೋಗುವಾಗ ಅಳುತ್ತಾನೆ. ಇಂಗ್ಲಿಷಿನಲ್ಲಿ ಆ ವಾಕ್ಯಕ್ಕೆ ಎರಡೇ ಪದ.

ಇಲ್ಲಿ ನಾನು ನಿಂತುಬಿಟ್ಟೆ. ಕತೆಯ ಪ್ರಕಾರ ಇನ್ನು ಸ್ವಲ್ಪ ಹೊತ್ತಿನಲ್ಲಿ ಲಾಜರ ಎದ್ದು ಹೊರಗೆ ಬರುತ್ತಾನೆ. ಅದು ಯೇಸುವಿಗೆ ಮೊದಲೇ ಗೊತ್ತು. ಕ್ಲೈಮ್ಯಾಕ್ಸ್ ಗೊತ್ತಿರುವ ಒಬ್ಬನೇ ಒಬ್ಬ ಮನುಷ್ಯ ಅಲ್ಲಿ ಅವನು. ಆದರೂ ಅಳುತ್ತಾನೆ! ಅಂದರೆ ಮುಂದೆ ಒಳ್ಳೆಯದಾಗುತ್ತದೆ ಅಂತ ಗೊತ್ತಿರೋದು ಈಗಿನ ನೋವನ್ನು ಸುಳ್ಳು ಮಾಡೋದಿಲ್ಲ. ನನ್ನ ಪ್ರಶ್ನೆಗೆ ಅರ್ಧ ಉತ್ತರ ಅಲ್ಲೇ ಸಿಕ್ಕಿತು.

ಪೌಲ ಥೆಸಲೋನಿಕದವರಿಗೆ ಬರೆದ ಮೊದಲನೆಯ ಪತ್ರದಲ್ಲೂ ಇದೇ ಇದೆ. ಭರವಸೆ ಇಲ್ಲದವರ ಹಾಗೆ ದುಃಖಿಸಬೇಡಿ ಅನ್ನುವುದು ಅವನ ಮಾತಿನ ತಿರುಳು. ದುಃಖವನ್ನೇ ಪಡಬೇಡಿ ಅಂತ ಅವನು ಹೇಳುವುದಿಲ್ಲ. ಈ ವ್ಯತ್ಯಾಸ ಸಣ್ಣದಲ್ಲ. ಅಲ್ಲಿ ಸತ್ತವರಿಗೆ ಅವನು ಬಳಸುವ ಪದ ನಿದ್ರೆ ಹೋದವರು ಅಂತ. ಇಂಗ್ಲಿಷಿನ ಸಿಮೆಟ್ರಿ ಅನ್ನೋ ಪದದ ಮೂಲ ಗ್ರೀಕಿನಲ್ಲಿ ಮಲಗುವ ಜಾಗ ಅಂತ. ಅಷ್ಟು ಮೆತ್ತಗಿನ ಮಾತಾಡುವ ಪೌಲನೇ ಕೊರಿಂಥದವರಿಗೆ ಬರೆಯುವಾಗ ಸಾವನ್ನು ಕೊನೆಯ ಶತ್ರು ಅಂತ ಕರೆಯುತ್ತಾನೆ.

ಶತ್ರು! ನನಗೆ ಹೊಸದಾಗಿ ಕಂಡದ್ದು ಇದು. ನಾವು ಸಾವನ್ನು ಒಪ್ಪಿಕೊಳ್ಳುವುದರಲ್ಲಿ ಸಮಾಧಾನ ಹುಡುಕುತ್ತೇವೆ. ಕಿಸಾಗೌತಮಿಯ ಕತೆ ಶಾಲೆಯಲ್ಲಿ ಓದಿದ್ದೇವಲ್ಲ. ಸತ್ತ ಮಗುವನ್ನು ಎತ್ತಿಕೊಂಡು ಬುದ್ಧನ ಹತ್ತಿರ ಬರುತ್ತಾಳೆ. ಸಾವಿಲ್ಲದ ಮನೆಯ ಸಾಸಿವೆ ತಾ ಅನ್ನುತ್ತಾನೆ ಬುದ್ಧ. ಮನೆ ಮನೆ ಸುತ್ತಿ, ಸಾವು ಎಲ್ಲರ ಮನೆಯದು ಅಂತ ಅವಳಿಗೇ ಅರ್ಥವಾಗುತ್ತದೆ. ಎಂಥ ದೊಡ್ಡ ಕತೆ ಅದು. ಅದರ ಪಕ್ಕದಲ್ಲಿ ಲೂಕನ ಸುವಾರ್ತೆಯ ಏಳನೆಯ ಅಧ್ಯಾಯದ ಕತೆ ಇಟ್ಟು ನೋಡಿ. ನಾಯಿನ್ ಅನ್ನೋ ಊರಿನ ಬಾಗಿಲಲ್ಲಿ ಒಬ್ಬ ವಿಧವೆಯ ಒಬ್ಬನೇ ಮಗನ ಹೆಣ ಹೊತ್ತು ಬರುತ್ತಿರುತ್ತಾರೆ. ಯೇಸು ಆಕೆಗೆ ಅಳಬೇಡ ಅನ್ನುತ್ತಾನೆ. ಮುಂದೆ ಹೋಗಿ ಚಟ್ಟ ಮುಟ್ಟುತ್ತಾನೆ, ಹುಡುಗ ಎದ್ದು ಕೂರುತ್ತಾನೆ, ಅವನನ್ನು ತಾಯಿಗೆ ಒಪ್ಪಿಸುತ್ತಾನೆ.

ಒಂದು ಕತೆ ಸಾವು ಸಹಜ ಅನ್ನುತ್ತದೆ, ಇನ್ನೊಂದು ಸಾವು ಅನ್ಯಾಯ ಅನ್ನುತ್ತದೆ. ಯಾವುದು ಮೇಲು ಅಂತ ತಕ್ಕಡಿ ಹಿಡಿಯೋಕೆ ನಾನು ಹೊರಟಿಲ್ಲ. ಆದರೆ ನಾಯಿನ್ ಕತೆ ಓದಿದಾಗ ಒಂದು ವಿಷಯ ಹೊಳೆಯಿತು. ಅಳಬೇಡ ಅನ್ನೋ ಹಕ್ಕು ಮಗನನ್ನು ಎಬ್ಬಿಸಿ ವಾಪಸ್ ಕೊಡಬಲ್ಲವನಿಗೆ ಮಾತ್ರ ಇರೋದು. ನಮ್ಮ ನಿಮ್ಮಂಥವರು ಆ ಮಾತನ್ನು ಯಾಕೆ ಅಷ್ಟು ಸಲೀಸಾಗಿ ಹೇಳುತ್ತೇವೆ?

ಪುಸ್ತಕದ ಕತೆ ಸರಿ, ನಂಬಿದವರು ನಿಜವಾಗಿ ಹೇಗೆ ಬದುಕಿದರು ಅಂತ ಹುಡುಕಿದೆ. ಮಾರ್ಟಿನ್ ಲೂಥರ್ ಗೊತ್ತಲ್ಲ, 1517ರಲ್ಲಿ ವಿಟೆನ್‌ಬರ್ಗಿನಲ್ಲಿ ಪೋಪನ ವಿರುದ್ಧ ಎದ್ದು ನಿಂತವನು. ಯಾರಿಗೂ ಬಗ್ಗದ ಮನುಷ್ಯ. 1542ರಲ್ಲಿ ಅವನ ಮಗಳು ಮ್ಯಾಗ್ಡಲೀನಾ ಕಾಯಿಲೆ ಬಿದ್ದಳು. ಹದಿಮೂರು ವರ್ಷ. ಟೊರ್ಗಾವ್ ಊರಿನಲ್ಲಿ ಓದುತ್ತಿದ್ದ ಅಣ್ಣನನ್ನು ನೋಡಬೇಕು ಅಂತ ಹಂಬಲಿಸಿದಳು. ಗಾಡಿ ಕಳಿಸಿ ಅವನನ್ನು ಕರೆಸಿದರು. ಸೆಪ್ಟೆಂಬರ್ 20ರಂದು ಅಪ್ಪನ ತೋಳಿನಲ್ಲೇ ಹೋದಳು. ಮಗಳು ಮುಂದೆ ನಕ್ಷತ್ರದ ಹಾಗೆ ಎದ್ದು ಹೊಳೆಯುತ್ತಾಳೆ ಅಂತ ಅವನು ಹೇಳಿದ್ದು ಜೊತೆಗಿದ್ದವರು ಬರೆದಿಟ್ಟಿದ್ದಾರೆ. ಅವಳು ಸುಖವಾಗಿದ್ದಾಳೆ ಅಂತ ಗೊತ್ತಿದ್ದೂ ಇಷ್ಟೊಂದು ದುಃಖ ಆಗೋದು ಎಂಥ ವಿಚಿತ್ರ ಅಂತ ಅಂದದ್ದನ್ನೂ ಬರೆದಿಟ್ಟಿದ್ದಾರೆ. ಗೆಳೆಯ ಯುಸ್ಟಸ್ ಯೋನಾಸನಿಗೆ ಬರೆದ ಪತ್ರದಲ್ಲಿ, ನಾನೂ ನನ್ನ ಹೆಂಡತಿಯೂ ದೇವರಿಗೆ ಬರೀ ಧನ್ಯವಾದ ಹೇಳಬೇಕಿತ್ತು, ಆದರೆ ಅಳದೆ, ನರಳದೆ ಅದು ಆಗುತ್ತಿಲ್ಲ ಅನ್ನುವ ಅರ್ಥದಲ್ಲಿ ತೋಡಿಕೊಂಡಿದ್ದಾನೆ. ಯುರೋಪಿಗೆಲ್ಲ ದೇವರ ಪಾಠ ಹೇಳಿದವನು!

ಇನ್ನೊಬ್ಬ ಸಿ. ಎಸ್. ಲೂಯಿಸ್, ನಾರ್ನಿಯಾ ಕತೆಗಳನ್ನು ಬರೆದವನು. 1940ರಲ್ಲೇ ನೋವು ಯಾಕಿದೆ, ಒಳ್ಳೆಯ ದೇವರು ಅದನ್ನು ಯಾಕೆ ಬಿಟ್ಟಿದ್ದಾನೆ ಅಂತ ತರ್ಕಬದ್ಧವಾಗಿ ಒಂದು ಪುಸ್ತಕ ಬರೆದಿದ್ದ. ಐವತ್ತು ದಾಟಿದ ಮೇಲೆ ಜಾಯ್ ಡೇವಿಡ್‌ಮನ್ ಅನ್ನೋ ಕವಯಿತ್ರಿಯನ್ನು ಮದುವೆಯಾದ. ಆಕೆಗೆ ಕ್ಯಾನ್ಸರ್. 1960ರ ಜುಲೈನಲ್ಲಿ ತೀರಿಕೊಂಡಳು. ಆಗ ಅವನು ನೋಟ್‌ಪುಸ್ತಕಗಳಲ್ಲಿ ತನಗೋಸ್ಕರ ಬರೆದುಕೊಂಡದ್ದು 1961ರಲ್ಲಿ ಸಣ್ಣ ಪುಸ್ತಕವಾಗಿ ಬಂತು, ಎನ್. ಡಬ್ಲ್ಯು. ಕ್ಲರ್ಕ್ ಅನ್ನೋ ಸುಳ್ಳು ಹೆಸರಿನಲ್ಲಿ. ಅದರಲ್ಲಿ ತರ್ಕ ಕುಸಿದು ಬಿದ್ದಿದೆ. ದೇವರ ಮೇಲೆ ಸಿಟ್ಟಿದೆ. ಧರ್ಮದ ಸಾಂತ್ವನದ ಬಗ್ಗೆ ನನ್ನ ಹತ್ತಿರ ಮಾತಾಡಬೇಡಿ, ಮಾತಾಡಿದರೆ ನಿಮಗೆ ಏನೂ ಅರ್ಥ ಆಗಿಲ್ಲ ಅಂದುಕೊಳ್ಳುತ್ತೇನೆ ಅನ್ನುವ ಧಾಟಿ ಇದೆ. ಆದರೂ ಪುಸ್ತಕ ಮುಗಿಯುವಾಗ ನಂಬಿಕೆ ಸತ್ತಿಲ್ಲ. ಪೆಟ್ಟು ತಿಂದು, ಸಣ್ಣದಾಗಿ, ಮೊದಲಿನ ಜಂಬ ಇಲ್ಲದೆ ಉಳಿದಿದೆ.

ಇಷ್ಟೆಲ್ಲ ಓದಿದರೂ ಇದು ಓದು ಅಷ್ಟೇ. ಉಳಿದರ್ಧ ಉತ್ತರ ಸಿಕ್ಕಿದ್ದು ನವೆಂಬರಿನಲ್ಲಿ.

ನವೆಂಬರ್ 1 ನಮಗೆ ರಾಜ್ಯೋತ್ಸವ, ಆಫೀಸಿಗೆ ರಜೆ. ಕ್ಯಾಥೋಲಿಕರಿಗೆ ಅದು ಸಕಲ ಸಂತರ ದಿನ. ಮರುದಿನ ನವೆಂಬರ್ 2 ತೀರಿಹೋದ ಎಲ್ಲರನ್ನೂ ನೆನೆಯುವ ದಿನ. ಸುಮಾರು ಸಾವಿರ ವರ್ಷದ ಹಿಂದೆ ಫ್ರಾನ್ಸಿನ ಕ್ಲೂನಿ ಮಠದ ಗುರು ಓಡಿಲೋ ಅನ್ನುವವರು ತಮ್ಮ ಮಠಗಳಲ್ಲಿ ಶುರು ಮಾಡಿದ ಆಚರಣೆ ಲೋಕಕ್ಕೆಲ್ಲ ಹಬ್ಬಿತು. ನಮ್ಮ ಪಿತೃಪಕ್ಷ ಮುಗಿದು ಸ್ವಲ್ಪ ದಿನಕ್ಕೆ ಬರುತ್ತದೆ ನೋಡಿ. ಎರಡರ ಜೊತೆ ಇನ್ನೊಂದು ರಜೆ ಸೇರಿಸಿ ಊರಿಗೆ ಹೋದೆ.

ಇಗರ್ಜಿಯ ಹಿಂದಿನ ಸಮಾಧಿಗಳನ್ನೆಲ್ಲ ಹುಲ್ಲು ಕಿತ್ತು ತೊಳೆದಿದ್ದರು. ಒಂದೊಂದರ ಮೇಲೂ ಸೇವಂತಿಗೆ, ಗೊಂಡೆ ಹೂವು, ಮೇಣದಬತ್ತಿ. ಫಾದರ್ ಸಾಲು ಸಾಲಾಗಿ ಪವಿತ್ರ ಜಲ ಚಿಮುಕಿಸಿಕೊಂಡು ಬಂದರು. ಮಕ್ಕಳು ಕರಗಿದ ಮೇಣ ಉಂಡೆ ಕಟ್ಟುತ್ತಾ ಆಡುತ್ತಿದ್ದವು. ಅವನ ಅಪ್ಪ ಕುವೈತಿನಲ್ಲಿ ದುಡಿದು ಬಂದವರು, ಮಾತು ಕಮ್ಮಿ, ಗಾಳಿಗೆ ಆರಿದ ಬತ್ತಿಯನ್ನು ಮತ್ತೆ ಮತ್ತೆ ಹಚ್ಚುತ್ತಿದ್ದರು. ಕಲ್ಲಿನ ಮೇಲೆ ಅವನ ಪೂರ್ತಿ ಹೆಸರು, ಹುಟ್ಟಿದ ದಿನ, ಹೋದ ದಿನ.

ಮಧ್ಯಾಹ್ನ ಊಟಕ್ಕೆ ಕೂತಾಗ ಆಂಟಿಯ ಹತ್ತಿರ ಕೇಳಿಯೇಬಿಟ್ಟೆ, ನಮ್ಮ ಕಡೆ ಅಸ್ಥಿ ನೀರಿಗೆ ಬಿಟ್ಟುಬಿಡುತ್ತೇವೆ, ನೀವು ಇಷ್ಟು ಜೋಪಾನ ಮಾಡುತ್ತೀರಲ್ಲ ಅಂತ. (ಕ್ಯಾಥೋಲಿಕರಲ್ಲೂ 1963ರಿಂದ ದಹನಕ್ಕೆ ಅನುಮತಿ ಇದೆ. ಆದರೆ ಬೂದಿಯನ್ನು ಚೆಲ್ಲಬಾರದು, ಪವಿತ್ರ ಜಾಗದಲ್ಲಿ ಇಡಬೇಕು ಅಂತ 2016ರಲ್ಲಿ ವ್ಯಾಟಿಕನ್ ಮತ್ತೆ ಹೇಳಿತು.)

ಆಂಟಿ ಬಡಿಸುತ್ತಲೇ ಹೇಳಿದರು. "ಅವನ ಆತ್ಮ ದೇವರ ಹತ್ತಿರ ಉಂಟು ಅಂತ ಎಲ್ಲರೂ ಹೇಳ್ತಾರೆ ಮಗಾ. ಇರಬಹುದು. ಆದ್ರೆ ನನಗೆ ಬೇಕಾದದ್ದು ಬರೀ ಆತ್ಮ ಅಲ್ಲ. ನನಗೆ ಅವನೇ ಬೇಕು. ಆ ಕೈ, ಆ ಕಾಲು, ಆ ನಗಾಡುವುದು. ದೇಹ ಸಮೇತ ಎಬ್ಬಿಸ್ತೇನೆ ಅಂತ ದೇವರು ಹೇಳಿದ್ದಾರಲ್ಲ, ಅದಕ್ಕೆ ನಾನು ಹಿಡ್ಕೊಂಡು ಕೂತದ್ದು."

ಸ್ವಲ್ಪ ಹೊತ್ತು ಸುಮ್ಮನಿದ್ದು ಮತ್ತೆ ಹೇಳಿದರು. "ಯೇಸುಸ್ವಾಮಿ ಎದ್ದು ಬಂದ ಮೇಲೆ ಶಿಷ್ಯರ ಹತ್ತಿರ ತಿನ್ನಲಿಕ್ಕೆ ಏನಾದ್ರೂ ಉಂಟಾ ಅಂತ ಕೇಳಿದ್ದು ಗೊತ್ತುಂಟಾ ನಿನಗೆ? ಮೀನು ಕೊಟ್ರು, ತಿಂದ್ರು. ನನಗೆ ಇಡೀ ಬೈಬಲಲ್ಲಿ ಅದೊಂದು ಸಾಕು."

ಅವನಿಗೆ ಅಂತ ಮಾಡುತ್ತಿದ್ದ ಬಂಗುಡೆ ಪುಳಿಮುಂಚಿ ಆ ದಿನವೂ ಮಾಡಿದ್ದರು. ನನಗೆ ಬೇರೆ ಪಾತ್ರೆಯಲ್ಲಿ ತಿಳಿಸಾರು. ಇದನ್ನು ಅವರಿಗೆ ಹೇಳಿಕೊಟ್ಟವನು ಯಾರು ಅಂತ ಕೇಳಬೇಕಾಗಿರಲಿಲ್ಲ. ನನಗೆ ತುತ್ತು ಇಳಿಯಲಿಲ್ಲ. ಅವರೂ ಅತ್ತರು. ಆಮೇಲೆ ಕಣ್ಣೊರೆಸಿಕೊಂಡು "ಇನ್ನು ಸ್ವಲ್ಪ ಅನ್ನ ಹಾಕ್ತೇನೆ" ಅಂದರು.

ಬೆಂಗಳೂರಿಗೆ ಬಂದ ಮೇಲೆ ಹುಡುಕಿ ಓದಿದೆ. ಲೂಕನ ಕೊನೆಯ ಅಧ್ಯಾಯದಲ್ಲಿ ಇದೆ ಅದು. ಯೋಹಾನನಲ್ಲಿ ಇನ್ನೊಂದು ಪ್ರಸಂಗ. ಸಮುದ್ರದ ದಡದಲ್ಲಿ ಇದ್ದಿಲ ಬೆಂಕಿ ಹಾಕಿ, ಎದ್ದು ಬಂದ ಯೇಸು ಮೀನುಗಾರ ಶಿಷ್ಯರಿಗೆ ಬೆಳಗಿನ ಊಟಕ್ಕೆ ಕಾಯುತ್ತಿರುತ್ತಾನೆ. ಕೈಯಲ್ಲಿ ಮೊಳೆಯ ಗಾಯ ಹಾಗೇ ಇದೆ. ದೇವತಾಸ್ವರೂಪಿಯಾಗಿ ಗಾಯ ಅಳಿಸಿಕೊಂಡು ಬರಲಿಲ್ಲ, ಗುರುತು ಸಿಗುವ ಹಾಗೆ ಅವನೇ ಬಂದ. ಕ್ರೈಸ್ತರ ಭರವಸೆ ಅಂದರೆ ಇದು ಅಂತ ನನಗೆ ಅರ್ಥವಾದದ್ದು. ಸತ್ತವರು ಗಾಳಿ, ಬೆಳಕು, ನೆನಪು ಆಗಿ ಉಳಿಯುತ್ತಾರೆ ಅನ್ನೋದಷ್ಟೇ ಅಲ್ಲ. ಹೆಸರು ಹಿಡಿದು ಕರೆದರೆ ಓಗೊಡುವ ಆ ಒಬ್ಬನೇ ವಾಪಸ್ ಸಿಗುತ್ತಾನೆ ಅನ್ನೋದು. ಅಷ್ಟು ದೊಡ್ಡದನ್ನು ಕೇಳುವವರು ಅಷ್ಟು ಅಳಲೇಬೇಕು. ಸಿಗೋದೇ ಇಲ್ಲ ಅಂತ ತೀರ್ಮಾನ ಮಾಡಿದವರು ಮರೆಯಲು ನೋಡಬಹುದು. ಕಾಯುತ್ತಿರುವವರಿಗೆ ಮರೆಯುವ ಅನುಕೂಲ ಇಲ್ಲ.

ಅವರ ಪವಿತ್ರ ವಾರದಲ್ಲಿ ಶುಭ ಶುಕ್ರವಾರಕ್ಕೂ ಈಸ್ಟರ್ ಭಾನುವಾರಕ್ಕೂ ಮಧ್ಯೆ ಒಂದು ಶನಿವಾರ ಬರುತ್ತದೆ. ಆ ಹಗಲು ಪೂಜೆ ಇಲ್ಲ, ಪೀಠದ ಮೇಲೆ ಬಟ್ಟೆ ಕೂಡ ಇಲ್ಲ. ಸತ್ತದ್ದು ಆಗಿದೆ, ಎದ್ದದ್ದು ಇನ್ನೂ ಆಗಿಲ್ಲ. ಆಂಟಿಯ ಮನೆಯಲ್ಲಿ ಈಗ ದಿನವೂ ಆ ಶನಿವಾರ ಅಂತ ನನಗೆ ಅನ್ನಿಸುತ್ತದೆ. ಭರವಸೆ ಇರುವವರ ವಾಸ ಭಾನುವಾರದಲ್ಲಲ್ಲ, ಶನಿವಾರದಲ್ಲಿ. ಭಾನುವಾರ ಬರುತ್ತದೆ ಅಂತ ನಂಬಿಕೊಂಡು ಅನ್ನ ಬೇಯಿಸುತ್ತಾರೆ, ಬತ್ತಿ ಹಚ್ಚುತ್ತಾರೆ, ಅಳುತ್ತಾರೆ. ಬೈಬಲಿನ ಕೊನೆಯ ಪುಸ್ತಕದಲ್ಲಿ ದೇವರು ಕಣ್ಣೀರು ಒರೆಸುವ ಚಿತ್ರ ಇದೆಯಲ್ಲ, ಒರೆಸಬೇಕಾದರೆ ಅಲ್ಲಿಯವರೆಗೂ ಕಣ್ಣೀರು ಇರಬೇಕು ತಾನೇ?

ನನಗೆ ಈ ನಂಬಿಕೆ ಬಂದುಬಿಟ್ಟಿದೆ ಅಂತ ಹೇಳುತ್ತಿಲ್ಲ. ನಮ್ಮ ಮನೆಯಲ್ಲಿ ಪಿತೃಪಕ್ಷಕ್ಕೆ ಅಜ್ಜಿಗೆ ಎಡೆ ಇಡೋದು ತಪ್ಪಿಲ್ಲ, ತಪ್ಪೋದೂ ಇಲ್ಲ. ಆದರೆ ಆವಾಗಿನಿಂದ ಸಾವಿನ ಮನೆಗೆ ಹೋದಾಗ ಆ ಸಿದ್ಧ ಮಾತುಗಳು ನನ್ನ ಬಾಯಿಂದ ಬರುತ್ತಿಲ್ಲ. ಅಳುವವರ ಜೊತೆ ಅಳಿ ಅಂತ ಪೌಲ ರೋಮಿನವರಿಗೆ ಬರೆದ ಪತ್ರದಲ್ಲಿ ಹೇಳಿದ್ದಾನೆ. ಹೋಗಿ ಪಕ್ಕದಲ್ಲಿ ಕೂರುತ್ತೇನೆ. ಹೋದವರ ಹೆಸರು ಹಿಡಿದು ಏನಾದರೂ ಒಂದು ನೆನಪು ಹೇಳುತ್ತೇನೆ. ಅಳು ಬಂದರೆ ಅಳುತ್ತೇನೆ.

ನಿಮ್ಮ ದುಃಖದ ಹೊತ್ತಿನಲ್ಲಿ ಯಾರಾದರೂ ಆಡಿದ ಒಂದು ಮಾತು ನಿಜಕ್ಕೂ ಕೈ ಹಿಡಿದಿದ್ದರೆ, ಬರೆದು ತಿಳಿಸಿ. ಮುಂದಿನ ಸಲ ಆಂಟಿಗೆ ಫೋನ್ ಮಾಡಿದಾಗ ಅವರಿಗೂ ಹೇಳುತ್ತೇನೆ.